ಬ್ಯಾಂಡ್ ಸೇರುವ ಮೊದಲು ವೆಸ್ಟರ್ನ್ ಥಿಯರಿ ಕಲಿಯಲೇಬೇಕಾ?

ಎಂಟು ವರ್ಷ ಕರ್ನಾಟಕ ಪಿಟೀಲು ಕಲಿತಿದ್ದೀರಿ, ಫ್ಯೂಷನ್ ಬ್ಯಾಂಡ್ ಒಂದು ಕರೆದಿದೆ. ಮೊದಲು ಥಿಯರಿ ಗ್ರೇಡ್ ಪರೀಕ್ಷೆ ಮುಗಿಸಲಾ, ತಂತಿಗಳನ್ನು ಪಾಶ್ಚಾತ್ಯರ ಹಾಗೆ ಜಿ-ಡಿ-ಎ-ಇಗೆ ಶ್ರುತಿ ಮಾಡಲಾ, ಗುರುಗಳಿಗೆ ಹೇಳಲಾ ಬೇಡವಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಗಳನ್ನು ಇಟ್ಟುಕೊಂಡು ನಾನೂ ಬೆಂಗಳೂರಿನಲ್ಲಿ ಸಿಕ್ಕಸಿಕ್ಕವರ ತಲೆ ತಿಂದವನು. ಯಾವ ರಾಗ ಅಂತ ಮಾತ್ರ ನಾನೂ ಕೇಳಲಿಲ್ಲ, ನೀವೂ ಕೇಳಿಲ್ಲ.

ಆಗ ನಾನು ಮಲ್ಲೇಶ್ವರ, ಬಸವನಗುಡಿ ಕಡೆ ಪಕ್ಕವಾದ್ಯ ನುಡಿಸುತ್ತಿದ್ದೆ. ದೊಡ್ಡ ಹೆಸರೇನೂ ಇರಲಿಲ್ಲ. ರಾಮನವಮಿ, ಗಣೇಶನ ಹಬ್ಬ, ನಡುವೆ ಮದುವೆ ಮನೆ ಕಚೇರಿ. ಗೆಳೆಯನೊಬ್ಬ ಬ್ಯಾಂಡಿಗೆ ಕರೆದ. ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್, ಜೊತೆಗೆ ನಾನು. ಕೀಬೋರ್ಡ್ ನುಡಿಸುವವನು ಜಾಝ್ ಕೇಳಿ ಬೆಳೆದ ಹುಡುಗ, ಕಿವಿ ಬಹಳ ಚೆನ್ನಾಗಿತ್ತು. "ಯಾವುದಾದರೂ ಭಾರಿ ರಾಗ ಕೊಡು" ಅಂದ. ನಾನು ತೋಡಿ ಅಂದೆ. ಸ್ವಲ್ಪ ಜಂಬವೂ ಇತ್ತು. ಫ್ಯೂಷನ್ ಅಂದರೆ ಎಲ್ಲರೂ ಮೋಹನ, ಹಂಸಧ್ವನಿ ಅಂತಾರೆ, ನಾವು ತೋಡಿಯನ್ನೇ ಮುಟ್ಟೋಣ ಅಂತ. "ಅದರ ಸ್ಕೇಲ್ ಬರೆದುಕೊಡು" ಅಂದ. ಬರೆದುಕೊಟ್ಟೆ.

ನಾನು ಕೆಟ್ಟದ್ದು ಅಲ್ಲೇ. ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ.

ಪುಸ್ತಕದ ಪ್ರಕಾರ ತೋಡಿ ಎಂಟನೇ ಮೇಳ, ಅಂದರೆ ಏಳೂ ಸ್ವರ ಇರುವ ಮೂಲ ರಾಗಗಳಲ್ಲಿ ಎಂಟನೆಯದು. ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ನಮ್ಮ ಷಡ್ಜ, ಅಂದರೆ ಆಧಾರದ 'ಸ', ಎರಡು ಕಟ್ಟೆ, ಅವರ ಲೆಕ್ಕದಲ್ಲಿ ಡಿ. ಹಾಗಾಗಿ ಗಾಂಧಾರ ಎಫ್ ಆಗುತ್ತದೆ. ಅವನು ಚೀಟಿ ನೋಡಿ ಖುಷಿಯಾಗಿಬಿಟ್ಟ. "ಇದು ಫ್ರಿಜಿಯನ್ ಮೋಡ್ ಕಣೋ, ಗೊತ್ತಿರೋದೇ!" ಅಂದ. ಅವರ ಕಡೆಯ ಒಂದು ಸ್ಕೇಲ್ ಅದು. ಡಿ ಮೈನರ್ ಕಾರ್ಡ್ ಹಿಡಿದ. ಡಿ, ಎಫ್, ಎ, ಮೂರೂ ಸ್ವರ ಒಟ್ಟಿಗೆ. ಕಾಗದದ ಮೇಲೆ ಒಂದು ತಪ್ಪೂ ಇಲ್ಲ.

ಆದರೆ ತೋಡಿಯ ಗಾಂಧಾರ ಎಫ್‌ನಲ್ಲಿ ಎಲ್ಲಿ ನಿಲ್ಲುತ್ತದೆ? ನಿಮಗೂ ಗೊತ್ತಿರುತ್ತದೆ, ಎಂಟು ವರ್ಷ ಕಲಿತವರು. ಅದು ರಿಷಭದ ಹತ್ತಿರ ಹುಟ್ಟಿ, ಮಧ್ಯಮವನ್ನು ಮುಟ್ಟಿ, ಮತ್ತೆ ಜಾರುತ್ತದೆ. ಆ ಓಲಾಟವೇ ಗಾಂಧಾರ. ಇಂಥ ಓಲಾಟಕ್ಕೇ ಗಮಕ ಅನ್ನುವುದು. ಎಫ್ ಅನ್ನುವುದು ನಾವು ಬರೆದುಕೊಳ್ಳಲು ಇಟ್ಟುಕೊಂಡ ಒಂದು ವಿಳಾಸ, ಅಷ್ಟೇ. ಧೈವತದ ಕಥೆಯೂ ಹೆಚ್ಚುಕಡಿಮೆ ಹೀಗೇ. ಈಗ ಕೀಬೋರ್ಡ್‌ನ ಎಫ್ ಗೋಡೆಗೆ ಹೊಡೆದ ಮೊಳೆಯಂತೆ ಅಲ್ಲಾಡದೆ ನಿಂತಿರುತ್ತದೆ. ಅದರ ಮೇಲೆ ನನ್ನ ಬೆರಳು ರಿಷಭದಿಂದ ಮಧ್ಯಮಕ್ಕೆ ಓಡಾಡುತ್ತದೆ. ಕೇಳುವವರಿಗೆ ಏನನ್ನಿಸಬೇಕು? ಕೀಬೋರ್ಡ್ ಸರಿಯಾಗಿದೆ, ಪಿಟೀಲಿನವನು ಅಪಶ್ರುತಿ. ರೆಕಾರ್ಡಿಂಗ್ ಮಾಡುವಾಗ ಹೆಡ್‌ಫೋನ್‌ನಲ್ಲಿ ಅದನ್ನೇ ಹೇಳಿದರು. "ಸರ್, ಆ ನೋಟ್ ಸ್ವಲ್ಪ ಪಿಚ್ ಬಿಡ್ತಾ ಇದೆ, ಸ್ಟ್ರೈಟಾಗಿ ಹಿಡೀರಿ."

ನಾನು ಹಿಡಿದೆ. ಕಾರ್ಡ್ ತೆಗೆಯಪ್ಪಾ ಅಂತ ಹೇಳಬಹುದಿತ್ತು. ಹೇಳಲಿಲ್ಲ. ವೆಸ್ಟರ್ನ್ ಗೊತ್ತಿಲ್ಲದವನು ಅಂತ ಅಂದುಕೊಂಡಾರು ಅನ್ನೋ ನಾಚಿಕೆ. ಗಮಕ ಕಮ್ಮಿ ಮಾಡಿದೆ, ಆಮೇಲೆ ತೆಗೆದೇಬಿಟ್ಟೆ. ಮನೆಯಲ್ಲಿ ಆ ಟ್ರ್ಯಾಕ್ ಹಾಕಿಕೊಂಡು ನೆಟ್ಟಗಿನ ಗಾಂಧಾರವನ್ನೇ ಸಾಧನೆ ಮಾಡಿದೆ. ಇದೊಂದು ಹಾಡಿಗೆ ಮಾತ್ರ, ಕಚೇರಿಯಲ್ಲಿ ಹಳೆಯದೇ ಬರುತ್ತದೆ ಅಂತ ನಂಬಿದ್ದೆ. ಬೆರಳಿಗೆ ಅಂಥ ಭೇದ ತಿಳಿಯುವುದಿಲ್ಲ. ದಿನಾ ಏನು ಮಾಡಿಸುತ್ತೀರೋ ಅದನ್ನೇ ಮಾಡುತ್ತದೆ. ಕಿವಿ ಇನ್ನೂ ಮೋಸ. ಕಾರ್ಡ್ ಜೊತೆ ತಿಂಗಳುಗಟ್ಟಲೆ ಕೂತ ಕಿವಿಗೆ ಆ ಚಪ್ಪಟೆ ಗಾಂಧಾರವೇ ಸರಿ ಅನ್ನಿಸತೊಡಗುತ್ತದೆ.

ಮುಂದಿನ ವರ್ಷ ರಾಮನವಮಿಯಲ್ಲಿ ಹಿರಿಯ ಗಾಯಕಿಯೊಬ್ಬರಿಗೆ ಪಕ್ಕವಾದ್ಯ. ಅವರು ಮುಖ್ಯ ರಾಗವಾಗಿ ತೋಡಿ ಎತ್ತಿಕೊಂಡರು. ನನ್ನ ಸರದಿ ಬಂತು. ಗಾಂಧಾರಕ್ಕೆ ಬಂದೆ. ಬೆರಳು ಹೋಗಿ ನಿಂತಿತು. ಓಲಾಡಿಸಲು ನೋಡಿದೆ, ಅದು ನಡುಗಿತು, ಸಿನಿಮಾ ಹಾಡಿನ ಪಿಟೀಲಿನ ಹಾಗೆ. ಅವರು ಬೈಯಲಿಲ್ಲ. ಮೈಕಿನಿಂದ ಸ್ವಲ್ಪ ಹಿಂದೆ ಸರಿದು, ನನಗೆ ಕೇಳುವಷ್ಟೇ ಮೆಲ್ಲಗೆ ಆ ಗಾಂಧಾರವನ್ನು ಎರಡು ಸಲ ಹಾಡಿ ತೋರಿಸಿದರು. ಮಕ್ಕಳಿಗೆ ಪಾಠ ಹೇಳುವ ಹಾಗೆ, ತುಂಬಿದ ಪೆಂಡಾಲಿನಲ್ಲಿ. ಆಗಲೂ ನನಗೆ ಬರಲಿಲ್ಲ. ಮೃದಂಗದವರು ತಮ್ಮ ವಾದ್ಯವನ್ನೇ ನೋಡುತ್ತಾ ಕೂತಿದ್ದರು. ಆ ಗಾಯಕಿಯಿಂದ ಮತ್ತೆ ಫೋನ್ ಬರಲಿಲ್ಲ. ಪಕ್ಕವಾದ್ಯದವರ ಲೋಕ ಚಿಕ್ಕದು. ಬೇರೆಯವರ ಫೋನೂ ನಿಂತಿತು. ಬ್ಯಾಂಡ್ ಏನಾಯಿತು ಅಂತೀರಾ? ಕೀಬೋರ್ಡ್ ಹುಡುಗ ಕೆಲಸದ ಮೇಲೆ ಅಮೆರಿಕಕ್ಕೆ ಹೋದ, ಮುಗಿಯಿತು.

ಗುರುಗಳ ಹತ್ತಿರ ಹೋದಾಗ ತೋಡಿಯ ಆದಿತಾಳ ವರ್ಣ 'ಏರಾ ನಾಪೈ' (ವರ್ಣ ಅಂದರೆ ಸಾಧನೆಗೂ ಬಳಸುವ ಒಂದು ಬಗೆಯ ರಚನೆ) ಮೊದಲಿನಿಂದ ಹಾಕಿಸಿದರು. ವಿಳಂಬದಲ್ಲಿ, ಒಂದೊಂದು ಗಾಂಧಾರವನ್ನೂ ಹಾಡಿಸಿ ಆಮೇಲೆ ನುಡಿಸಿ. ಆ ಕಾಲ ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಆದರೆ ಆಗಲೇ ಒಂದು ವಿಷಯ ತಲೆಗೆ ಹೊಳೆದಿದ್ದು. ಆ ವರ್ಣ ಬರೆದವರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ನಮ್ಮ ಮೈಸೂರು ವಾಸುದೇವಾಚಾರ್ಯರ ಗುರುಗಳು. ಬ್ಯಾಂಡ್ ವಾದ್ಯದ ಗತ್ತಿರುವ ಕದನಕುತೂಹಲ ರಾಗವನ್ನು ಹುಟ್ಟುಹಾಕಿ 'ರಘುವಂಶ ಸುಧಾ' ಬರೆದವರೂ ಅವರೇ! ಪಾಶ್ಚಾತ್ಯ ಗತ್ತು ಬೇಕಾದಾಗ ಅವರು ತೋಡಿಯ ಗಾಂಧಾರವನ್ನು ಮುಟ್ಟಲಿಲ್ಲ. ಸ್ವರಗಳು ನೆಟ್ಟಗೆ ಜಿಗಿದರೂ ಮುಕ್ಕಾಗದ ಬೇರೆ ರಾಗ ಮಾಡಿಕೊಂಡರು. ಅವರಿಗಿಂತ ಮುಂಚೆ ಮುತ್ತುಸ್ವಾಮಿ ದೀಕ್ಷಿತರೂ ಅಷ್ಟೇ. ಬ್ರಿಟಿಷರ ಬ್ಯಾಂಡ್ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ನೀವು ಚಿಕ್ಕಂದಿನಲ್ಲಿ ಕಲಿತ 'ಶಕ್ತಿಸಹಿತ ಗಣಪತಿಂ' ಅಂಥದ್ದೇ. 'ಸಂತತಂ ಪಾಹಿಮಾಂ' ಇದೆಯಲ್ಲ, ಅದು ಬ್ರಿಟನ್ನಿನ ರಾಷ್ಟ್ರಗೀತೆಯ ಮಟ್ಟು. ಈ ನೊಟ್ಟುಸ್ವರಗಳೆಲ್ಲ ಶಂಕರಾಭರಣದ ಸ್ವರಗಳಲ್ಲೇ ಇವೆ, ಅಂದರೆ ಅವರ ಮೇಜರ್ ಸ್ಕೇಲ್‌ನಲ್ಲಿ. ಗಮಕ ತುಂಬಿದ ಶಂಕರಾಭರಣದ ದೊಡ್ಡ ಕೃತಿಗಳನ್ನು ಅವರು ಬೇರೆಯಾಗಿಯೇ ಇಟ್ಟರು.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ನೀವು ಎರಡು ದೂರದ ಸಂಗೀತಗಳನ್ನು ಮೊದಲ ಸಲ ಸೇರಿಸಲು ಹೊರಟವರ ಹಾಗೆ ಬರೆದಿದ್ದೀರಿ. ನಿಮ್ಮ ಕೈಯಲ್ಲಿರುವ ವಾದ್ಯ ಯಾವುದು? ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಕಲಿತು ನಮ್ಮ ಸಂಗೀತಕ್ಕೆ ತಂದಿದ್ದು. ಸುಮಾರು 200 ವರ್ಷ ಆಯಿತು. ನಮ್ಮವರು ಅದರ ತಂತಿಗಳನ್ನು ಸ-ಪ-ಸ-ಪ ಮಾಡಿಕೊಂಡರು. ನೆಲದ ಮೇಲೆ ಕೂತು ಅದರ ತಲೆಯನ್ನು ಪಾದದ ಮೇಲೆ ಊರಿಕೊಂಡರು. ಎಡಗೈ ವಾದ್ಯದ ಭಾರ ಹೊರಬೇಕಾಗಿಲ್ಲ, ಆದ್ದರಿಂದಲೇ ಉದ್ದುದ್ದ ಜಾರು ಸಾಧ್ಯ. ಇಷ್ಟೆಲ್ಲ ಕೆಲಸ ಮಾಡಿಟ್ಟಿರುವುದನ್ನು ಬಿಚ್ಚಿ ಮತ್ತೆ ಜಿ-ಡಿ-ಎ-ಇ ಮಾಡುತ್ತೀರಾ? ಬೇಡ. ವೇದಿಕೆ ಮೇಲೆ ನಿಂತು ನುಡಿಸಿ, ಚೆನ್ನಾಗಿ ಕಾಣುತ್ತೆ ಅಂತಾರೆ, ಅದೂ ಬೇಡ. ಒಂದು ಎತ್ತರದ ಮಣೆ ಕೇಳಿ, ಕೂತು ನುಡಿಸಿ. ಶ್ರುತಿಯೂ ನಿಮ್ಮದೇ ಇರಲಿ. ಗಿಟಾರ್‌ನವರ ಹತ್ತಿರ ತಂತಿ ಒತ್ತಿ ಶ್ರುತಿ ಏರಿಸುವ ಕ್ಲಿಪ್, ಕ್ಯಾಪೋ, ಇರುತ್ತದೆ, ಕೀಬೋರ್ಡ್‌ನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಇರುತ್ತದೆ. ಸುಲಭವಾಗಿ ಬದಲಾಗಬಲ್ಲವರು ಬದಲಾಗಲಿ.

'ಶಕ್ತಿ' ಅನ್ನುವ ಫ್ಯೂಷನ್ ತಂಡವನ್ನು ನೀವೂ ಹೆಸರಿಸಿದ್ದೀರಿ. ಗಿಟಾರ್‌ಗೆ ಜಾನ್ ಮೆಕ್‌ಲಾಕ್ಲಿನ್, ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಝಾಕಿರ್ ಹುಸೇನ್, ಘಟಕ್ಕೆ ವಿಕ್ಕು ವಿನಾಯಕರಾಮ್. 1970ರ ದಶಕದ ಆ ರೆಕಾರ್ಡ್‌ಗಳನ್ನು ಮತ್ತೊಮ್ಮೆ ಹಾಕಿ ಕೇಳಿ, ಏನಿಲ್ಲ ಅನ್ನೋದನ್ನು ಗಮನಿಸಿ. ಕೀಬೋರ್ಡ್ ಇಲ್ಲ. ಬೇಸ್ ಗಿಟಾರ್ ಇಲ್ಲ. ಡ್ರಮ್ ಸೆಟ್ ಇಲ್ಲ. ಮೆಕ್‌ಲಾಕ್ಲಿನ್ ಆ ಹೊತ್ತಿಗಾಗಲೇ ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತಿದ್ದರು. ಮೆಟ್ಟಿಲುಗಳ ನಡುವೆ ಮರವನ್ನು ಕೆತ್ತಿ ತಗ್ಗು ಮಾಡಿದ ಗಿಟಾರ್ ಮಾಡಿಸಿಕೊಂಡರು, ತಂತಿ ಎಳೆದರೆ ಗಮಕ ಬರಲಿ ಅಂತ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೋಫೋನನ್ನು ಬಗ್ಗಿಸಿದ್ದೂ ಗಮಕದ ಕಡೆಗೇ. ಬೆಂಗಳೂರಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ನುಡಿಸಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರ ಕಲಿತವರು. ಸ್ಯಾಕ್ಸೋಫೋನ್ ಒಂದು ಹೊತ್ತಿಗೆ ಒಂದೇ ಸ್ವರ ಊದುವ ವಾದ್ಯ, ರಾಗದ ಕೆಳಗೆ ಕಾರ್ಡ್ ತುರುಕುವುದಿಲ್ಲ. ಅವರ 1983ರ ರೆಕಾರ್ಡ್ 'ಜ್ಯೋತಿ' ಸಿಕ್ಕರೆ ಬಿಡಬೇಡಿ.

ಇನ್ನು ಜಯಚಾಮರಾಜ ಒಡೆಯರ್. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು, ರಷ್ಯದ ಸಂಗೀತ ರಚನೆಕಾರ ಮೆಟ್ನರ್ ಅವರ ಸಂಗೀತವನ್ನು ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದವರು. ಕರ್ನಾಟಕ ಶೈಲಿಯಲ್ಲಿ 94 ಕೃತಿ ಬರೆದರು. ಎರಡನ್ನೂ ಅಷ್ಟು ಬಲ್ಲವರು ಕೃತಿಗಳಿಗೆ ಪಿಯಾನೊ ಹಚ್ಚಲಿಲ್ಲ. ಎರಡೂ ಇಷ್ಟ ಅಂದ ಮಾತ್ರಕ್ಕೆ ಒಂದೇ ವೇದಿಕೆಯಲ್ಲಿ ಕಲಸಲೇಬೇಕು ಅಂತೇನಿಲ್ಲ, ಅಲ್ವಾ?

ಸರಿ, ನೀವು ಹೋಗುವುದು ಹೇಗೂ ಖಚಿತ, ನಿಮ್ಮ ಬರಹದಲ್ಲೇ ಕಾಣುತ್ತದೆ. ಗ್ರೇಡ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಮೇಜರ್, ಮೈನರ್ ಕಾರ್ಡ್ ಕಿವಿಗೆ ಗೊತ್ತಾಗಬೇಕು, ಬಾರ್, ಅಂದರೆ ಅವರ ತಾಳದ ಒಂದು ಸುತ್ತು, ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಿರಬೇಕು. ಈ ಎರಡನೆಯದು ಜಾಸ್ತಿ ಮುಖ್ಯ. ಅರ್ಧ ಅಕ್ಷರ ಬಿಟ್ಟು ಎತ್ತುವ ಕೃತಿ ತೆಗೆದುಕೊಂಡರೆ ಡ್ರಮ್ಸ್‌ನವರು ನಿಮ್ಮ ಎಡುಪ್ಪನ್ನೇ (ಹಾಡು ಎತ್ತುವ ಜಾಗ) ಸಮ (ತಾಳದ ಮೊದಲ ಪೆಟ್ಟು) ಅಂದುಕೊಳ್ಳುತ್ತಾರೆ, ಮುಗಿಸಲು ನುಡಿಸುವ ಲಯದ ಕಟ್ಟು, ಆ ಕೊನೆಯ ಕೋರ್ವೆಯ ಹೊತ್ತಿಗೆ ರಣರಂಗ. ಮೊದಲ ದಿನವೇ ಕೈಯಲ್ಲಿ ತಾಳ ಹಾಕಿ ತೋರಿಸಿ.

ರಾಗದ ವಿಷಯಕ್ಕೆ ಬಂದರೆ ತೋಡಿ, ಸಹಾನ, ಬೇಗಡೆ, ವರಾಳಿ ಕಡೆ ತಲೆ ಹಾಕಲೇಬೇಡಿ. ಇವುಗಳ ಪ್ರಾಣ ಇರುವುದೇ ಸ್ವರಗಳ ನಡುವೆ. ಹಂಸಧ್ವನಿ, ಮೋಹನ, ಕೀರವಾಣಿ, ಚಾರುಕೇಶಿ ಇವೆ. ಎಲ್ಲರೂ ಇವನ್ನೇ ನುಡಿಸುತ್ತಾರೆ ಅಂತ ಅಂದು ಮೂಗು ಮುರಿದಿದ್ದೆ. ಎಲ್ಲರೂ ನುಡಿಸುವುದಕ್ಕೆ ಕಾರಣ ಇದೆ.

ಮೋಹನದಲ್ಲೂ ಒಂದು ಗುಂಡಿ ಇದೆ. ಷಡ್ಜ ಡಿ ಅಂತಿಟ್ಟುಕೊಳ್ಳಿ. ಕೀಬೋರ್ಡ್‌ನವರು ಬಿ ಮೈನರ್ ಹಿಡಿಯುತ್ತಾರೆ. ಬಿ, ಡಿ, ಎಫ್ ಶಾರ್ಪ್, ಮೂರೂ ಮೋಹನದ್ದೇ ಸ್ವರ, ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಬೇಸ್ ಗಿಟಾರ್ ಹೋಗಿ ಬಿ ಮೇಲೆ ಕೂತರೆ ಕೇಳುಗರ ಕಿವಿಗೆ ನಿಮ್ಮ ಧೈವತವೇ ಷಡ್ಜ ಆಗಿಬಿಡುತ್ತದೆ. ನೀವು ನುಡಿಸುತ್ತಿರುವುದು ಮೋಹನ, ಅವರಿಗೆ ಕೇಳುವುದು ಶುದ್ಧ ಧನ್ಯಾಸಿ. ಹೀಗೆ ಷಡ್ಜ ಬದಲಿಸಿ ಬೇರೆ ರಾಗ ತೋರಿಸುವುದನ್ನು, ಅಂದರೆ ಗ್ರಹಭೇದವನ್ನು, ಬೇಕಂತಲೇ ಮಾಡಿದರೆ ಸೊಗಸು, ಯಾರೋ ಕೆಳಗಿನಿಂದ ಮಾಡಿದರೆ ಕಾಲ ಕೆಳಗಿನ ನೆಲ ಹೋದಂತೆ. ಹಾಗಾಗಿ ಆಲಾಪನೆಯಷ್ಟು ಹೊತ್ತು ಬೇಸ್‌ನವರು ಡಿ ಬಿಟ್ಟು ಕದಲಬಾರದು, ಕಾರ್ಡ್ ಇರಬಾರದು ಅಂತ ಮೊದಲೇ ಮಾತಾಡಿಕೊಳ್ಳಿ. ಕಾರ್ಡ್ ಬರಲಿ, ಸಾಹಿತ್ಯ ಬಂದ ಮೇಲೆ ಬರಲಿ. ಇಯರ್‌ಫೋನ್‌ನಲ್ಲಿ ತಂಬೂರಿ ಬೇಕೇ ಬೇಕು ಅಂತ ಸೌಂಡ್‌ನವರಿಗೆ ಹೇಳಿ. ಕೀಬೋರ್ಡ್‌ನ ಮೇಜರ್ ಗಾಂಧಾರ ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ, ಪಕ್ಕಪಕ್ಕದ ಎರಡು ಕೀಗಳ ನಡುವೆ ಇರುವುದು 100. ಕೀಬೋರ್ಡ್ ಒಂದನ್ನೇ ಕೇಳಿಕೊಂಡು ನುಡಿಸಿದರೆ ಮನೆಗೆ ಬಂದ ಮೇಲೂ ಕಿವಿ ಅಲ್ಲೇ ಇರುತ್ತದೆ. ತಾಲೀಮಿನಿಂದ ಬಂದ ದಿನ ಮಲಗುವ ಮೊದಲು ಬರೀ ತಂಬೂರಿ ಜೊತೆ ಒಂದು ವರ್ಣ ನುಡಿಸಿ, ಎಷ್ಟೇ ಸುಸ್ತಾಗಿರಲಿ.

ಗುರುಗಳಿಗೆ ಹೇಳಿ. ಮುಚ್ಚಿಟ್ಟರೆ ಕಮಾನಿನಿಂದಲೇ ಗೊತ್ತಾಗುತ್ತದೆ, ನನ್ನವರಿಗೆ ಗೊತ್ತಾಗಿತ್ತು.

ಬ್ಯಾಂಡಿನವರು ಯಾವ ರಾಗ, ಯಾವ ಕಟ್ಟೆ ಹೇಳಿದ್ದಾರೆ ಅಂತ ಕೆಳಗೆ ಬರೆಯಿರಿ. ಕೀಬೋರ್ಡ್ ಇದೆಯಾ ಅದನ್ನೂ ಬರೆಯಿರಿ. ಇದ್ದರೆ, ರಾಗದ ಆರೋಹಣ ಅವರೋಹಣ ಬರೆದ ಚೀಟಿ ಮಾತ್ರ ಕೊಡಬೇಡಿ. ಹಾಡಿ ರೆಕಾರ್ಡ್ ಮಾಡಿ ಕಳಿಸಿ.