ಬ್ರೀದರ್‌ನಲ್ಲಿ ಹೊಗೆ ಬಂತು ಅಂತ ಇಂಜಿನ್ ಬಿಚ್ಚಬೇಕಾ?

ಪ್ರಶ್ನೆ: ನನ್ನ ಆರು ಸಿಲಿಂಡರ್ ಟರ್ಬೊ ಡೀಸೆಲ್ ಲಾರಿ 8 ಲಕ್ಷ ಕಿಲೋಮೀಟರ್ ದಾಟಿದೆ. ಇದುವರೆಗೆ ಇಂಜಿನ್ ಬಿಚ್ಚಿಲ್ಲ. ಈಗ ಬ್ರೀದರ್ ಪೈಪಿನಿಂದ ಹೊಗೆ ಜಾಸ್ತಿ ಬರುತ್ತಿದೆ, ಆಯಿಲ್ ಹನಿಯೂ ಬೀಳುತ್ತದೆ. ಇಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದು ಮಗುಚಿ ಇಟ್ಟರೆ ಕುಣಿಯುತ್ತದೆ. ಪಿಕಪ್ ಅಷ್ಟೇನೂ ಕಡಿಮೆಯಾಗಿಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಮಾತ್ರ ‘ಬ್ಯಾಕ್ ಕಂಪ್ರೆಷನ್ ಇದೆ, ಪಿಸ್ಟನ್ ಲೈನರ್ ಹೋಗಿದೆ, ಪೂರ್ತಿ ಇಂಜಿನ್ ಕೆಲಸ ಮಾಡಿಸಿ’ ಅನ್ನುತ್ತಿದ್ದಾರೆ. ಮಾಡಿಸಲೇಬೇಕಾ ಸರ್?

ಉತ್ತರ: ಇಷ್ಟರ ಮೇಲೇ ಬಿಚ್ಚಿಸಬೇಡಿ. ಬ್ಯಾಕ್ ಕಂಪ್ರೆಷನ್ ಅಂದರೆ ಸಿಲಿಂಡರ್‌ನ ಗ್ಯಾಸ್ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುವುದು, ಲೈನರ್ ಅಂದರೆ ಪಿಸ್ಟನ್ ಆಡುವ ಸಿಲಿಂಡರ್‌ನ ಒಳಗೋಡೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದು ನಿಜ ಇರಬಹುದು. ಆದರೆ ಅದು ಇನ್ನೂ ಖಾತ್ರಿಯಾಗಿಲ್ಲ. ಹೊಗೆ ಬರುತ್ತಿದೆ, ಸರಿ. ಅದು ಪಿಸ್ಟನ್ ರಿಂಗ್ ದಾಟಿಯೇ ಬಂತು ಅಂತ ಯಾರು ನೋಡಿದರು? ಪಿಕಪ್ ಇದೆ, ತಣ್ಣಗಿದ್ದಾಗಲೂ ಬೇಗ ಸ್ಟಾರ್ಟ್ ಆಗುತ್ತದೆ ಅಂದರೆ ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ತಕ್ಕಮಟ್ಟಿಗೆ ಉಳಿದಿದೆ ಅಂತಲೇ ನನ್ನ ಅಂದಾಜು.

ಹೊಸ ಇಂಜಿನ್‌ನಲ್ಲೂ ಸ್ವಲ್ಪ ಗ್ಯಾಸ್ ರಿಂಗ್ ದಾಟಿ ಚೇಂಬರ್‌ಗೆ, ಅಂದರೆ ಕ್ರ್ಯಾಂಕ್ ತಿರುಗುವ ಕೆಳಭಾಗಕ್ಕೆ, ಇಳಿಯುತ್ತದೆ. ಅದನ್ನು ಹೊರಗೆ ಬಿಡಲೆಂದೇ ಬ್ರೀದರ್ ಇರೋದು. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕಾಣುವ ಬಿಳಿ ಹೊಗೆ ಎಷ್ಟೋ ಸಲ ಬರೀ ನೀರಿನ ಆವಿ. ಇನ್ನು ಕ್ಯಾಪ್ ಕುಣಿಯುವ ವಿಷಯ. ಕ್ಯಾಪ್ ಕೆಳಗೆ ವಾಲ್ವ್ ಒತ್ತುವ ರಾಕರ್‌ಗಳು ಆಡುತ್ತಿರುತ್ತವೆ, ಗಾಳಿ ಅಲುಗಾಡುತ್ತಲೇ ಇರುತ್ತದೆ. ಚೆನ್ನಾಗಿರುವ ಇಂಜಿನ್‌ನಲ್ಲೂ ಕ್ಯಾಪ್ ಕುಣಿಯಬಹುದು. ಅದನ್ನು ನಂಬಿ ಲೈನರ್ ಬದಲಿಸುವುದು ನನಗೆ ಒಪ್ಪಿಗೆ ಇಲ್ಲ.

ಚೇಂಬರ್‌ಗೆ ಗಾಳಿ ಬರೋಕೆ ಬೇರೆ ದಾರಿಗಳೂ ಇವೆ. ಟರ್ಬೊ ಸೀಲ್ ಸವೆದರೆ ಅಲ್ಲಿನ ಒತ್ತಡದ ಗಾಳಿ ಆಯಿಲ್ ವಾಪಸ್ ಬರುವ ಪೈಪಿನಲ್ಲೇ ಕೆಳಗಿಳಿಯುತ್ತದೆ. ಏರ್ ಬ್ರೇಕ್ ಕಂಪ್ರೆಸರ್‌ನ ರಿಂಗ್ ಸವೆದರೂ ಅದರ ಗಾಳಿ ಇಂಜಿನ್ ಒಳಗೇ ಸೇರುತ್ತದೆ. ವಾಲ್ವ್ ಆಡುವ ಕೊಳವೆ, ಅಂದರೆ ವಾಲ್ವ್ ಗೈಡ್, ಸವೆದಿರಬಹುದು. ಬ್ರೀದರ್ ಜಾಲರಿ ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ ಗ್ಯಾಸ್ ಮಾಮೂಲಿಯಷ್ಟೇ ಇದ್ದರೂ ಒತ್ತಡ ಏರುತ್ತದೆ. ಆಯಿಲ್ ಮಟ್ಟ ಜಾಸ್ತಿ ಇದ್ದರೆ ಕ್ರ್ಯಾಂಕ್ ಅದನ್ನು ಬಡಿದು ಮಂಜು ಮಾಡಿ ಬ್ರೀದರ್‌ನಲ್ಲಿ ಹೊರಗೆ ಕಳಿಸುತ್ತದೆ. ಹಾಗಾಗಿ ಮೊದಲು ಡಿಪ್‌ಸ್ಟಿಕ್ ನೋಡಿ, ಬ್ರೀದರ್ ಕ್ಲೀನ್ ಮಾಡಿಸಿ. ಆಯಿಲ್ ಹಾಕದೇ ಮಟ್ಟ ಏರಿದ್ದರೆ ಒಳಗೆ ಡೀಸೆಲ್ ಅಥವಾ ಕೂಲಂಟ್ ಸೇರುತ್ತಿದೆ ಅಂತ ಅರ್ಥ. ಆಗ ಮೊದಲು ಅದರ ಹಿಂದೆ ಬೀಳಬೇಕು. ಡೀಸೆಲ್ ಸೋರುವ ಇಂಜೆಕ್ಟರ್ ಲೈನರ್ ಮೇಲಿನ ಆಯಿಲ್ ತೊಳೆದು ರಿಂಗ್ ಸವೆಸುತ್ತದೆ.

ಇದಾದ ಮೇಲೆ ಅಳೆಯಿರಿ. ಮಾಮೂಲಿ ಪ್ರೆಷರ್ ಗೇಜ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಒತ್ತಡ ಅಷ್ಟು ಕಡಿಮೆ. 1 ಪಿಎಸ್‌ಐ ಅಂದರೆ ಸುಮಾರು 700 ಮಿಲಿಮೀಟರ್ ನೀರಿನ ಎತ್ತರ. ನಮಗೆ ಬೇಕಿರೋದು ಅದರ ಚಿಕ್ಕ ಭಾಗ. ಯು ಆಕಾರಕ್ಕೆ ಬಗ್ಗಿಸಿದ ಪಾರದರ್ಶಕ ಪೈಪಿನಲ್ಲಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಇಂಜಿನ್‌ಗೆ ಸೇರಿಸಿ. ಎರಡು ಬದಿಯ ನೀರಿನ ಎತ್ತರದ ವ್ಯತ್ಯಾಸವೇ ಒತ್ತಡ. ಡಿಪ್‌ಸ್ಟಿಕ್ ಪೈಪಿಗೆ ಸೇರಿಸುವವರಿದ್ದಾರೆ. ಕೆಲವು ಇಂಜಿನ್‌ಗಳಲ್ಲಿ ಆ ಪೈಪಿನ ತುದಿ ಆಯಿಲ್‌ನಲ್ಲೇ ಮುಳುಗಿರುತ್ತದೆ, ಲೆಕ್ಕ ತಪ್ಪುತ್ತದೆ. ಹಳೆಯ ಆಯಿಲ್ ಕ್ಯಾಪ್ ಒಂದಕ್ಕೆ ತೂತು ಕೊರೆದು ನಿಪ್ಪಲ್ ಹಾಕಿಸಿಕೊಳ್ಳುವುದು ವಾಸಿ. ನೀರು ಇಂಜಿನ್‌ಗೆ ಹೋಗದಂತೆ ನಡುವೆ ಒಂದು ಖಾಲಿ ಬಾಟಲಿ ಇರಲಿ.

ಬ್ರೀದರ್ ಬಾಯಿಗೆ ಎಷ್ಟು ಅಳತೆಯ ತೂತಿನ ಮುಚ್ಚಳ ಹಾಕಬೇಕು, ಎಷ್ಟು ರೀಡಿಂಗ್ ದಾಟಬಾರದು ಅನ್ನೋದು ನಿಮ್ಮ ಇಂಜಿನ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಬೇರೆ ಇಂಜಿನ್‌ನ ಅಂಕಿ ಇದಕ್ಕೆ ಹೊಂದುವುದಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗಿರಲಿ. ನಿಂತಲ್ಲೇ ರೇಸ್ ಕೊಟ್ಟು ನೋಡಿದ ರೀಡಿಂಗ್‌ಗೆ ಬೆಲೆ ಇಲ್ಲ. ಫುಲ್ ಲೋಡ್‌ನಲ್ಲಿ, ಏರಿನಲ್ಲಿ ಅಥವಾ ಡೈನೊ (ನಿಂತಲ್ಲೇ ಇಂಜಿನ್‌ಗೆ ಲೋಡ್ ಕೊಡುವ ಯಂತ್ರ) ಮೇಲೆ, ಮ್ಯಾನುಯಲ್ ಹೇಳಿದ ಆರ್‌ಪಿಎಂನಲ್ಲಿ ನೋಡಬೇಕು. ರಸ್ತೆಯಲ್ಲಾದರೆ ಓದೋದಕ್ಕೆ ಇನ್ನೊಬ್ಬರು ಇರಲಿ. ಒಂದು ಸೂಕ್ಷ್ಮ ಇದೆ: ಅದೇ ತೂತಿನಲ್ಲಿ ಗ್ಯಾಸ್ ಎರಡರಷ್ಟಾದರೆ ಒತ್ತಡ ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ರೀಡಿಂಗ್ ನಾಲ್ಕರಷ್ಟಾಗಿದ್ದರೆ ಗ್ಯಾಸ್ ನಾಲ್ಕರಷ್ಟಾಗಿದೆ ಅಂತ ಗಾಬರಿ ಬೇಡ. ರೀಡಿಂಗ್ ಬರೆದಿಡಿ, ಪ್ರತಿ ಆಯಿಲ್ ಚೇಂಜ್‌ಗೆ ಮತ್ತೆ ನೋಡಿ. ಮಿತಿಯೊಳಗಿದ್ದು ಏರದೆ ನಿಂತಿದ್ದರೆ ಆ ಇಂಜಿನ್ ಓಡಲಿ ಬಿಡಿ.

ಮಿತಿ ದಾಟಿದೆ ಅನ್ನಿ. ಈಗ ಒಂದೊಂದೇ ದಾರಿ ಮುಚ್ಚುತ್ತಾ ಬನ್ನಿ. ಕಂಪ್ರೆಸರ್ ಸುಲಭ. ಚಕ್ರಕ್ಕೆ ಅಡ್ಡ ಕೊಟ್ಟು, ಬ್ರೇಕ್ ಒತ್ತಿ ಒತ್ತಿ ಟ್ಯಾಂಕ್ ಗಾಳಿ ಇಳಿಸಿ. ಗಾಳಿ ತುಂಬುವಾಗಿನ ರೀಡಿಂಗನ್ನೂ, ತುಂಬಿ ಕಟ್ ಆದ ಮೇಲಿನ ರೀಡಿಂಗನ್ನೂ ಒಂದೇ ಆರ್‌ಪಿಎಂನಲ್ಲಿ ಹೋಲಿಸಿ. ಕಟ್ ಆದ ಕೂಡಲೇ ರೀಡಿಂಗ್ ಬಿದ್ದರೆ ಕಂಪ್ರೆಸರ್‌ನದ್ದೂ ಪಾಲಿದೆ. ಏರ್ ಟ್ಯಾಂಕ್ ಡ್ರೈನ್ ಮಾಡಿದಾಗ ಆಯಿಲ್ ಜಾಸ್ತಿ ಬರುವುದೂ ಅದೇ ಕಥೆ ಹೇಳುತ್ತದೆ. ಟರ್ಬೊಗೆ ಶಾಫ್ಟ್ ಆಟ ನೋಡಿ, ಹೋಸ್‌ಗಳಲ್ಲಿ ಆಯಿಲ್ ಇದೆಯಾ ನೋಡಿ. ಆಯಿಲ್ ಇದ್ದ ಮಾತ್ರಕ್ಕೆ ಟರ್ಬೊ ಹೋಗಿದೆ ಅಂತಲ್ಲ. ಚೇಂಬರ್‌ನಲ್ಲಿ ಒತ್ತಡ ಇದ್ದರೆ ಟರ್ಬೊದ ಆಯಿಲ್ ಕೆಳಗಿಳಿಯಲು ಆಗದೆ ಸೀಲ್ ದಾಟುತ್ತದೆ. ಹೊಸ ಟರ್ಬೊ ಹಾಕಿದರೂ ಸೋರುತ್ತಲೇ ಇರುವ ಲಾರಿಗಳ ಗುಟ್ಟು ಬಹಳ ಸಲ ಇದೇ. ಡ್ರೈನ್ ಪೈಪ್ ಬೇರ್ಪಡಿಸಿ ಲೋಡ್‌ನಲ್ಲಿ ನೋಡುವ ಪರೀಕ್ಷೆ ವರ್ಕ್‌ಶಾಪಿನವರಿಗೇ ಬಿಡಿ. ಬಿಸಿ ಟರ್ಬೊ ಮೇಲೆ ಆಯಿಲ್ ಚೆಲ್ಲಿದರೆ ಬೆಂಕಿ ಹತ್ತುತ್ತದೆ.

ಇವೆಲ್ಲ ಸರಿಯಿದ್ದರೆ ಸಿಲಿಂಡರ್ ಕಡೆ ಬನ್ನಿ. ಐಡಲ್‌ನಲ್ಲಿ ಬ್ರೀದರ್ ಬಾಯಿಗೆ ಕೈ ಅಡ್ಡ ಹಿಡಿಯಿರಿ. ಗಾಳಿ ಒಂದೇ ಸಮ ಬಂದರೆ ಎಲ್ಲ ಸಿಲಿಂಡರ್ ಒಟ್ಟಿಗೆ ಸವೆದಿರಬಹುದು. ಪುಸ್, ಪುಸ್ ಅಂತ ಬಡಿತ ಇದ್ದರೆ ಒಂದೇ ಸಿಲಿಂಡರ್ ಮೇಲೆ ಸಂಶಯ. 600 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ 5 ಸಲ ಫೈರ್ ಆಗುತ್ತದೆ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಇಂಜೆಕ್ಟರ್‌ಗಳನ್ನು ಒಂದೊಂದಾಗಿ ಕಟ್ ಮಾಡಿ, ಯಾವುದರಲ್ಲಿ ಬಡಿತ ಇಳಿಯುತ್ತದೆ ನೋಡಿ. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಬರುವ) ಇಂಜಿನ್‌ನಲ್ಲಿ ಇದನ್ನು ಸ್ಕ್ಯಾನರ್‌ನಿಂದಲೇ ಮಾಡಬೇಕು, ಪೈಪ್ ಸಡಿಲಿಸಿದರೆ ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿಬಿಡುತ್ತದೆ. ಕೊನೆಗೆ ಲೀಕ್‌ಡೌನ್ ಪರೀಕ್ಷೆ. ಪಿಸ್ಟನ್ ಕಂಪ್ರೆಷನ್‌ನ ತುದಿಯಲ್ಲಿರಲಿ, ಫ್ಲೈವೀಲ್ ಲಾಕ್ ಮಾಡಿ ಗಾಳಿ ಕೊಡಿ. ಸದ್ದು ಆಯಿಲ್ ಕ್ಯಾಪ್‌ನಲ್ಲಿ ಕೇಳಿದರೆ ರಿಂಗ್ ಅಥವಾ ಪಿಸ್ಟನ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು.

ಒಂದು ಎಚ್ಚರಿಕೆ. ಹೊಗೆ ಕಾಣಬಾರದು ಅಂತ ಬ್ರೀದರ್ ಮುಚ್ಚಬೇಡಿ, ಸೀಲ್‌ಗಳು ಹಾರುತ್ತವೆ. ನಿಮ್ಮ ಬ್ರೀದರ್ ಪೈಪ್ ಇಂಜಿನ್ ಗಾಳಿ ಎಳೆಯುವ ಏರ್ ಹೋಸ್‌ಗೆ ಸೇರಿದ್ದರೆ ಇನ್ನೂ ಹುಷಾರು. ಆಯಿಲ್ ಮಂಜು ಒಳಗೆ ಹೋಗಿ ಇಂಜಿನ್ ಅದನ್ನೇ ಉರಿಸುತ್ತಾ ಓಡಬಹುದು, ಕೀ ಆಫ್ ಮಾಡಿದರೂ ನಿಲ್ಲುವುದಿಲ್ಲ. ಆಗ ಗಾಳಿ ನಿಲ್ಲಿಸಬೇಕು. ಕೈ ಮಾತ್ರ ಅಡ್ಡ ಇಡಬೇಡಿ.

ರಿಂಗ್ ಹೋಗಿರೋದು ಖಾತ್ರಿಯಾದರೆ, ಯಾಕೆ ಹೋಯಿತು ಅಂತ ಹುಡುಕಿಯೇ ಹೊಸದು ಹಾಕಿಸಿ. ಏರ್ ಫಿಲ್ಟರ್ ಆಚೆಯ ಹೋಸ್ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಧೂಳು ಸಿಕ್ಕರೆ ಕಾರಣ ಅಲ್ಲೇ ಇದೆ. ಆಯಿಲ್ ಪರೀಕ್ಷೆಗೆ ಕಳಿಸಿದರೆ ಸಿಲಿಕಾನ್ ಜೊತೆಗೆ ಕಬ್ಬಿಣ, ಕ್ರೋಮಿಯಂ ಏರಿರುವುದೂ ಅದನ್ನೇ ಹೇಳುತ್ತದೆ.

ಪ್ರಶ್ನೆ: ರಿಂಗ್ ಮಾತ್ರ ಬದಲಿಸಿದೆವು. ಆದರೂ ಬ್ಯಾಕ್ ಕಂಪ್ರೆಷನ್ ಇದೆ. ರಿಂಗ್ ಕೂರಲಿ ಅಂತ ದಿನಾ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುತ್ತಿದ್ದೇನೆ. ಸರಿನಾ?

ಉತ್ತರ: ಸರಿಯಲ್ಲ, ಇವತ್ತೇ ನಿಲ್ಲಿಸಿ. ರಿಂಗನ್ನು ಲೈನರ್‌ಗೆ ಒತ್ತುವುದು ಉರಿದ ಗ್ಯಾಸ್‌ನ ಒತ್ತಡ. ಐಡಲ್‌ನಲ್ಲಿ ಅದು ಸಾಲದು. ಲೈನರ್ ಗಾಜಿನ ಹಾಗೆ ನಯವಾಗಿಬಿಡುತ್ತದೆ, ಆಮೇಲೆ ರಿಂಗ್ ಕೂರುವುದೇ ಇಲ್ಲ. ಆಯಿಲ್, ಕೂಲಂಟ್ ಸರಿ ಇದ್ದರೆ ಬಿಸಿ ಮಾಡಿ, ಲೋಡ್ ಹಾಕಿ ಓಡಿಸಿ. ಲೈನರ್‌ಗೆ ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಸಣ್ಣ ಗೆರೆ ಮೂಡಿಸುವುದು) ಮಾಡದೆ ರಿಂಗ್ ಹಾಕಿದ್ದರೆ ಅಥವಾ ಲೈನರ್‌ನ ಮೇಲ್ತುದಿ ಮಿತಿ ಮೀರಿ ಸವೆದಿದ್ದರೆ ಓಡಿಸಿಯೂ ಫಲವಿಲ್ಲ. ಬಿಚ್ಚಿದಾಗ ಲೈನರ್ ಅಳತೆ ತೆಗೆದಿದ್ದರಾ ಅಂತ ಗ್ಯಾರೇಜಿನಲ್ಲಿ ಕೇಳಿ, ಆ ಅಳತೆಯ ಚೀಟಿ ತೋರಿಸಲು ಹೇಳಿ.