ಸಂಪಾದಕರ ಉತ್ತರ: ಹದಿನಾಲ್ಕನೇ ಲೂಯಿಯ ಚಿತ್ರವನ್ನು ಏಕೆ ಅಚ್ಚು ಹಾಕಿದೆವು

(ಕಳೆದ ಸಂಚಿಕೆಯ ನಡುಪುಟಗಳಲ್ಲಿ ಫ್ರಾನ್ಸಿನ ಅರಸ ಹದಿನಾಲ್ಕನೇ ಲೂಯಿಯ ಭಾವಚಿತ್ರವನ್ನು ಪ್ರಕಟಿಸಿದ್ದೆವು. ಅದನ್ನು ನೋಡಿ ಧಾರವಾಡದ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಸಾರ ಇದು: "ಪ್ರಜೆಗಳು ಹೊಟ್ಟೆಗಿಲ್ಲದೆ ಸಾಯುತ್ತಿದ್ದ ಕಾಲದಲ್ಲಿ ಕೂಲಿ ಕಲಾವಿದನೊಬ್ಬ ಬರೆದ ಮುಖಸ್ತುತಿ ಇದು. ಕೃತಕ ಕೂದಲಿನ ಟೋಪನ್ನು, ಎತ್ತರದ ಹಿಮ್ಮಡಿಯ ಪಾದರಕ್ಷೆಯನ್ನು, ನಿಲುವಂಗಿಯನ್ನು ಕಳಚಿದರೆ ಉಳಿಯುವವನು ಒಬ್ಬ ಸಾಮಾನ್ಯ ಮುದುಕ. ಇದಕ್ಕೆ ಎರಡು ಪುಟ ಏಕೆ? ಈ ಚಿತ್ರದಲ್ಲಿ ಜನ ಎಲ್ಲಿದ್ದಾರೆ?")

ಮಾನ್ಯರೇ,

ಹಸಿವಿನ ಬಗ್ಗೆ ನೀವು ಬರೆದಿರುವುದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯುವಂತಿಲ್ಲ. 1693-94ರ ಕ್ಷಾಮದಲ್ಲಿ ಹಸಿವಿನಿಂದ, ಅದರ ಬೆನ್ನಿಗೇ ಬಂದ ರೋಗಗಳಿಂದ ಫ್ರಾನ್ಸಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. 1709ರ ಚಳಿಗಾಲದಲ್ಲಿ ನದಿಗಳು ಹೆಪ್ಪುಗಟ್ಟಿದವು, ಬಿತ್ತಿದ ಬೆಳೆ ನೆಲದಲ್ಲೇ ಕಮರಿತು. ಅರಸನಿಗೆ ಗಡಿಯುದ್ದಕ್ಕೂ ಕೋಟೆ ಕಟ್ಟಿಸಿಕೊಟ್ಟ ಇಂಜಿನಿಯರ್ ವೊಬಾಂ, ದೇಶ ಸುತ್ತಿ ಕಣ್ಣಾರೆ ಕಂಡದ್ದನ್ನು 1707ರಲ್ಲಿ ಅಚ್ಚು ಹಾಕಿಸಿದ. ಪ್ರಜೆಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಭಿಕ್ಷೆಗೆ ಇಳಿದಿದೆ ಎಂದು ಆತ ಬರೆದ. ಆ ಪುಸ್ತಕಕ್ಕೆ ನಿಷೇಧ ಬಿತ್ತು. ನಾವು ಪ್ರಕಟಿಸಿದ ಚಿತ್ರ ಹುಟ್ಟಿದ್ದು ಈ ಎರಡು ದುಷ್ಕಾಲಗಳ ನಡುವೆ, 1701ರಲ್ಲಿ.

ಆದರೆ ಅದು ಬರೀ ಮುಖಸ್ತುತಿ, ಆದ್ದರಿಂದ ನೋಡಲು ಯೋಗ್ಯವಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ. ನಿರಂಕುಶ ಪ್ರಭುತ್ವ ಹೇಗೆ ನಡೆಯುತ್ತಿತ್ತು, ಯಾವುದಕ್ಕೆ ಅಂಜುತ್ತಿತ್ತು ಎಂಬುದಕ್ಕೆ ಆ ಚಿತ್ರ ಖಜಾನೆಯ ಕಡತಗಳಷ್ಟೇ ಗಟ್ಟಿಯಾದ ದಾಖಲೆ.

ದಯವಿಟ್ಟು ಆ ಪುಟವನ್ನು ಇನ್ನೊಮ್ಮೆ ತೆರೆದು ನೋಡಿ. ಬರೆದವನು ಇಯಾಸಂತ್ ರಿಗೋ. ಅವನು 1659ರಲ್ಲಿ ಪೆರ್ಪಿನ್ಯಾಂ ಊರಿನಲ್ಲಿ ಹುಟ್ಟಿದಾಗ ಅದು ಸ್ಪೇನಿಗೆ ಸೇರಿತ್ತು. ಅದೇ ವರ್ಷದ ಒಪ್ಪಂದದಲ್ಲಿ ಫ್ರಾನ್ಸಿನ ಪಾಲಾಯಿತು. ಮೂಲ ಚಿತ್ರದ ಎತ್ತರ ಸುಮಾರು ಒಂಬತ್ತು ಅಡಿ. ಅರಸ ಮೈಮೇಲೆ ಹೊದ್ದಿರುವುದು ಪಟ್ಟಾಭಿಷೇಕದ ನಿಲುವಂಗಿ: ಹೊರಗೆ ನೀಲಿಯ ಮೇಲೆ ಬಂಗಾರದ ಲಿಲಿ ಹೂಗಳು, ಒಳಗೆ ಬಿಳಿಯ ತುಪ್ಪಳ. ಸೊಂಟದಲ್ಲಿ ಪಟ್ಟಾಭಿಷೇಕದ ಖಡ್ಗ. ಕಿರೀಟ ತಲೆಯ ಮೇಲಿಲ್ಲ, ಪಕ್ಕದ ಪೀಠದ ಮೇಲಿದೆ. ಬಲಗೈಯಲ್ಲಿರುವ ರಾಜದಂಡವನ್ನು ಗಮನಿಸಿ. ಅದು ತಲೆಕೆಳಗಾಗಿದೆ, ಸಂಜೆ ತಿರುಗಾಡಲು ಹೊರಟವನು ಊರುಗೋಲನ್ನು ಊರಿ ನಿಲ್ಲುವಂತೆ ಅದನ್ನು ಊರಿಕೊಂಡಿದ್ದಾನೆ. ರಾಜ್ಯಾಧಿಕಾರದ ಪವಿತ್ರ ಚಿಹ್ನೆಯನ್ನು ಇಷ್ಟು ಸಲೀಸಾಗಿ ಹಿಡಿಯಬಲ್ಲವನಿಗೆ ಆ ಅಧಿಕಾರ ಎಷ್ಟು ರೂಢಿಯಾಗಿರಬೇಕು ಎಂದು ನೋಡುವವರಿಗೆ ತಾನಾಗಿಯೇ ಅನ್ನಿಸುತ್ತದೆ.

ಇನ್ನು ಕಾಲುಗಳು. ಬಿಳಿ ರೇಷ್ಮೆಯ ಕಾಲುಚೀಲ, ಕೆಂಪು ಹಿಮ್ಮಡಿ, ಹೆಜ್ಜೆ ಹಾಕಲು ಅಣಿಯಾದ ನರ್ತಕನ ನಿಲುವು. ಲೂಯಿ ನಿಜಕ್ಕೂ ನರ್ತಕ. 1653ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ರಾತ್ರಿಯಿಡೀ ನಡೆದ ಬ್ಯಾಲೆಯೊಂದರ ಕೊನೆಗೆ ಉದಯಿಸುವ ಸೂರ್ಯನಾಗಿ ಬಂದು ಕುಣಿದಿದ್ದ. ಆದರೆ ಚಿತ್ರ ಬರೆಸಿಕೊಳ್ಳುವ ಹೊತ್ತಿಗೆ ಅವನಿಗೆ ಅರವತ್ತು ದಾಟಿತ್ತು. ಆ ಕಾಲುಗಳು ಯುವಕನವು. ಅಷ್ಟರಮಟ್ಟಿಗೆ ಮುಖಸ್ತುತಿ ಎಂಬ ನಿಮ್ಮ ಮಾತು ಸರಿ.

ಈಗ ಮುಖಕ್ಕೆ ಬನ್ನಿ. ಬಾಯಿಯ ಸುತ್ತ ನೋಡಿ. ಕೆನ್ನೆ ಒಳಕ್ಕೆ ಸರಿದಿದೆ, ತುಟಿಗಳು ಬಿಗಿದುಕೊಂಡಿವೆ. ಹಲವು ವರ್ಷಗಳ ಹಿಂದೆಯೇ ವೈದ್ಯರು ಹಲ್ಲು ಕೀಳುವಾಗ ಅವನ ಮೇಲ್ದವಡೆಗೂ ಪೆಟ್ಟು ಮಾಡಿದ್ದರು. ರಿಗೋ ಆ ಬೊಚ್ಚು ಬಾಯಿಯನ್ನು ಮುಚ್ಚಿಡಲಿಲ್ಲ. ದಣಿದ ಕಣ್ಣುಗಳನ್ನೂ, ಇಳಿಬಿದ್ದ ಗಲ್ಲವನ್ನೂ ಬಿಡಲಿಲ್ಲ. ಮುದಿ ಮುಖದ ಕೆಳಗೆ ಎಳೆಯ ಕಾಲುಗಳನ್ನಿಟ್ಟು ಒಂದೇ ಚಿತ್ರವಾಗಿ ನಿಲ್ಲಿಸಿದ್ದಾನೆ. ಲೂಯಿ ಅದನ್ನು ಮೆಚ್ಚಿದ! ಸ್ಪೇನಿನ ಸಿಂಹಾಸನ ಏರಿದ್ದ ಮೊಮ್ಮಗನಿಗೆ ಉಡುಗೊರೆಯಾಗಿ ಬರೆಸಿದ್ದ ಚಿತ್ರವನ್ನು ತನ್ನಲ್ಲೇ ಇರಿಸಿಕೊಂಡು, ಪ್ರತಿಯೊಂದನ್ನು ಬರೆಯಲು ಆಜ್ಞೆ ಮಾಡಿದ. ಸಾಯುವ ದೇಹ ಒಂದು, ಸಾಯದ ಪಟ್ಟ ಇನ್ನೊಂದು. ಎರಡೂ ಒಬ್ಬನಲ್ಲೇ ಇವೆ ಎಂಬ ಆ ಕಾಲದ ರಾಜನೀತಿಯ ನಂಬಿಕೆಯನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಇನ್ನೊಂದು ಚಿತ್ರವನ್ನು ನಾನು ಕಂಡಿಲ್ಲ. ಟೋಪು ಮತ್ತು ನಿಲುವಂಗಿಯನ್ನು ಕಳಚಿ ನೋಡಬೇಕು ಎಂದಿದ್ದೀರಿ. ಕಲ್ಕತ್ತೆಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಥ್ಯಾಕರೆ 1840ರಲ್ಲಿ ಇದನ್ನೇ ವ್ಯಂಗ್ಯಚಿತ್ರವಾಗಿ ಬರೆದ: ಒಂದು ಕಡೆ ಬರೀ ಉಡುಪು, ನಡುವೆ ಬೋಳುತಲೆಯ ಕುಳ್ಳ, ಮತ್ತೊಂದು ಕಡೆ ಎರಡೂ ಸೇರಿದ ಅರಸ. ಚುರುಕಾದ ಚಿತ್ರ ಅದು. ಆದರೆ ಬಟ್ಟೆಯ ಕೆಳಗೆ ಮುದುಕನಿದ್ದಾನೆ ಎಂಬುದು ಲೂಯಿಯ ಆಸ್ಥಾನಿಕರಿಗೆ ಮೊದಲೇ ಗೊತ್ತಿತ್ತು. ಅವನು ಏಳುವುದು, ಉಡುವುದು, ಉಣ್ಣುವುದು, ಮಲಗುವುದು ಎಲ್ಲವೂ ಅವರ ಕಣ್ಣೆದುರೇ ನಡೆಯುತ್ತಿತ್ತು. ಅಷ್ಟು ಗೊತ್ತಿದ್ದೂ ಏಕೆ ತಲೆಬಾಗಿದರು ಎಂಬ ಪ್ರಶ್ನೆಗೆ ಥ್ಯಾಕರೆಯಲ್ಲಿ ಉತ್ತರವಿಲ್ಲ.

ಉತ್ತರ ಹುಡುಕಲು ಲೂಯಿಯ ಬಾಲ್ಯಕ್ಕೆ ಹೋಗಬೇಕು. ನಾಲ್ಕು ವರ್ಷದವನಿದ್ದಾಗ, 1643ರಲ್ಲಿ, ಅವನಿಗೆ ಪಟ್ಟ ಬಂತು. 1648ರಲ್ಲಿ ಪ್ಯಾರಿಸ್ಸಿನ ಉನ್ನತ ನ್ಯಾಯಾಲಯವೂ, ಆಮೇಲೆ ದೊಡ್ಡ ದೊಡ್ಡ ಕುಲೀನರೂ ದಂಗೆ ಎದ್ದರು. 1649ರ ಜನವರಿಯ ಒಂದು ರಾತ್ರಿ ಹತ್ತು ವರ್ಷದ ಅರಸನನ್ನು ಎಬ್ಬಿಸಿಕೊಂಡು ಅರಮನೆಯವರು ಪ್ಯಾರಿಸ್ಸಿನಿಂದ ಓಡಿಹೋದರು. ಅದೇ ತಿಂಗಳ 30ರಂದು ಲಂಡನ್ನಿನಲ್ಲಿ ಅವನ ಸೋದರತ್ತೆಯ ಗಂಡ, ಇಂಗ್ಲೆಂಡಿನ ಅರಸ ಮೊದಲನೇ ಚಾರ್ಲ್ಸ್, ತಲೆ ಕಳೆದುಕೊಂಡ. ಚಾರ್ಲ್ಸ್ ವಧಾಸ್ಥಾನಕ್ಕೆ ನಡೆದದ್ದು ತಾನೇ ಚಿತ್ರಕಾರ ರೂಬೆನ್ಸನಿಂದ ಬರೆಸಿದ ಚಿತ್ರಗಳ ಕೆಳಗೆ. ಅರಮನೆಯ ಔತಣಶಾಲೆಯಾದ ಬ್ಯಾಂಕ್ವೆಟಿಂಗ್ ಹೌಸಿನ ಆ ಚಾವಣಿಯಲ್ಲಿ ಅವನ ತಂದೆ ಜೇಮ್ಸ್ ಸ್ವರ್ಗಕ್ಕೆ ಏರುತ್ತಿದ್ದಾನೆ. 1651ರ ಫೆಬ್ರುವರಿಯಲ್ಲಿ ಅರಸ ಮತ್ತೆ ಓಡಿಹೋಗುತ್ತಿದ್ದಾನೆಂಬ ಗುಮಾನಿಯಿಂದ ಪ್ಯಾರಿಸ್ಸಿನ ಜನ ಅರಮನೆಗೇ ನುಗ್ಗಿ, ಹನ್ನೆರಡು ವರ್ಷದ ಲೂಯಿಯ ಹಾಸಿಗೆಯ ಬಳಿ ನಿಂತು ಅವನು ಮಲಗಿದ್ದಾನೆಯೇ ಎಂದು ನೋಡಿ ಹೋದರು. ಅವನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದ. ಆ ಹುಡುಗ ಮುಂದೆ ಪ್ಯಾರಿಸ್ಸನ್ನು ಬಿಟ್ಟು ವರ್ಸೈನಲ್ಲಿ ನೆಲೆಸಿದ್ದು, ತನ್ನನ್ನು ಯಾರು, ಯಾವಾಗ, ಎಷ್ಟು ದೂರದಿಂದ ನೋಡಬೇಕು ಎಂಬುದಕ್ಕೆಲ್ಲ ನಿಯಮ ಮಾಡಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ನಿರಂಕುಶ ಎಂದು ನಾವು ಪಾಠ ಮಾಡುವ ಆ ಅಧಿಕಾರಕ್ಕೂ ಅಡೆತಡೆ ಬೇಕಾದಷ್ಟಿತ್ತು. ನ್ಯಾಯಾಲಯದ, ತೆರಿಗೆಯ ಹುದ್ದೆಗಳು ಹಣಕ್ಕೆ ಮಾರಾಟವಾಗುತ್ತಿದ್ದವು. ಕೊಂಡವನು ಅದನ್ನು ಮಗನಿಗೆ ಆಸ್ತಿಯಂತೆ ಬಿಟ್ಟುಹೋಗಬಹುದಿತ್ತು. ಅಂಥವನನ್ನು ತೆಗೆದುಹಾಕಬೇಕಾದರೆ ಅರಸ ಅವನ ಹಣ ಹಿಂದಿರುಗಿಸಬೇಕಿತ್ತು. ಭೂಮಿಯ ಮೇಲಿನ ಮುಖ್ಯ ತೆರಿಗೆ ಕುಲೀನರನ್ನೂ ಪಾದ್ರಿಗಳನ್ನೂ ಮುಟ್ಟುತ್ತಿರಲಿಲ್ಲ, ಅದರ ಹೊರೆಯೆಲ್ಲ ರೈತನ ತಲೆಯ ಮೇಲೆ. ಯುದ್ಧಕ್ಕೆ ಸಾಲ ಸಾಲದೆ 1689ರಲ್ಲಿ ಲೂಯಿ ವರ್ಸೈ ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನೆಲ್ಲ ಕರಗಿಸಿ ನಾಣ್ಯ ಹೊಡೆಸಿದ. ಆಜ್ಞೆಯಿಂದ ಆಗದ ಕೆಲಸಗಳನ್ನು ಬೆರಗಿನಿಂದ, ಗೌರವದಿಂದ, ಹತ್ತಿರ ಸೇರುವ ಹಂಬಲದಿಂದ ಮಾಡಿಸಿಕೊಳ್ಳಬೇಕಾಗಿತ್ತು. ಚಿತ್ರ, ಶಿಲ್ಪ, ಪದಕ, ಕಾರಂಜಿ, ಕನ್ನಡಿಗಳು ಬೇಕಾದದ್ದು ಅದಕ್ಕೆ.

ಆದ್ದರಿಂದಲೇ ಮಂತ್ರಿ ಕೋಲ್ಬೇರ್ ಕಲೆಯನ್ನು ಒಂದು ಇಲಾಖೆಯಂತೆ ನಡೆಸಿದ. ಚಿತ್ರ-ಶಿಲ್ಪಗಳ ಅಕಾಡೆಮಿ, ಚಿತ್ರಗಂಬಳಿ ನೇಯುವ ಗೊಬ್ಲಾಂ ಕಾರ್ಖಾನೆ, ಪದಕಗಳ ಮೇಲಿನ ಲ್ಯಾಟಿನ್ ಬರಹ ತೀರ್ಮಾನಿಸಲು ವಿದ್ವಾಂಸರ ಮಂಡಲಿ, ಎಲ್ಲಕ್ಕೂ ಸಂಬಳ, ಎಲ್ಲಕ್ಕೂ ಮೇಲ್ವಿಚಾರಣೆ. ಇಂಥ ವ್ಯವಸ್ಥೆಯಲ್ಲಿ ದೊಡ್ಡ ಕಲಾವಿದನಿಗೂ ರಿಯಾಯಿತಿ ಇರಲಿಲ್ಲ. ರೋಮಿನ ಶಿಲ್ಪಿ ಬೆರ್ನೀನಿ ಕೆತ್ತಿದ ಅಶ್ವಾರೂಢ ಪ್ರತಿಮೆಯಲ್ಲಿ ಅರಸ ಮುಗುಳ್ನಗುತ್ತಿದ್ದ. 1685ರಲ್ಲಿ ಅದನ್ನು ಕಂಡ ಲೂಯಿಗೆ ಹಿಡಿಸಲೇ ಇಲ್ಲ. ಝಿರಾರ್ದೋ ಎಂಬ ಶಿಲ್ಪಿಯ ಕೈಯಲ್ಲಿ ಅದನ್ನು ತಿದ್ದಿಸಿ, ಬೆಂಕಿಗೆ ಹಾರುವ ಪ್ರಾಚೀನ ರೋಮಿನ ವೀರನೊಬ್ಬನನ್ನಾಗಿ ಮಾಡಿ, ಉದ್ಯಾನದ ಕೊನೆಯ ಮೂಲೆಗೆ ಸಾಗಿಸಿದರು. ವರ್ಸೈನ ಕನ್ನಡಿ ಮಂದಿರದ ಚಾವಣಿಗೆ ಮೊದಲು ಗ್ರೀಕ್ ವೀರಪುರುಷರ ಕಥೆ ಯೋಚಿಸಿದ್ದ ಆಸ್ಥಾನದ ಮುಖ್ಯ ಚಿತ್ರಕಾರ ಲ ಬ್ರೂನ್, ಕೊನೆಗೆ ಅರಸನ ಸ್ವಂತ ಯುದ್ಧಗಳನ್ನೇ ಬರೆಯಬೇಕಾಯಿತು. ದೇವತೆಗಳ ಮರೆ ಬೇಡ, ನಾನೇ ಸಾಕು ಎನ್ನುವಷ್ಟು ಧೈರ್ಯ ಅಷ್ಟರಲ್ಲಿ ಲೂಯಿಗೆ ಬಂದಿತ್ತು.

ಈ ಕಥೆಯಲ್ಲಿ ನಮ್ಮ ನಾಡಿನವರೂ ಒಂದು ಗಳಿಗೆ ಬಂದು ಹೋಗುತ್ತಾರೆ. ಇಂಗ್ಲಿಷರ ವಿರುದ್ಧ ನೆರವು ಕೇಳಲು ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈನಲ್ಲಿ ಆಗಿನ ಅರಸ ಹದಿನಾರನೇ ಲೂಯಿಯನ್ನು ಕಂಡರು. ನೆರವು ಸಿಗಲಿಲ್ಲ. ಆದರೆ ರಾಣಿಯ ಚಿತ್ರಗಾರ್ತಿ ವಿಜೆ ಲ ಬ್ರೂನ್ ಅವರಲ್ಲೊಬ್ಬನಾದ ಮಹಮ್ಮದ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಅವರು ಮೊದಲು ಒಪ್ಪಿರಲಿಲ್ಲ, ಅರಸನೇ ಕೇಳಿದ ಮೇಲೆ ನಿಂತರು. ಬಂಗಾರದ ಹೂಗಳ ಬಿಳಿ ಮಸ್ಲಿನ್ ಅಂಗಿ, ಬಾಗಿದ ಕತ್ತಿ, ಎದುರಿನವರನ್ನು ಲೆಕ್ಕಿಸದ ನಿಲುವು. ರಿಗೋ ಅರಸನಿಗೆ ಕೊಟ್ಟ ಗಾಂಭೀರ್ಯ ಈ ಶ್ರೀರಂಗಪಟ್ಟಣದ ದೂತನಿಗೂ ದಕ್ಕಿದೆ ಎಂದು ನನಗೆ ಅನ್ನಿಸುತ್ತದೆ. ಸರಿಯಾಗಿ ನಾಲ್ಕು ವರ್ಷಗಳ ನಂತರ, 1792ರ ಆಗಸ್ಟ್ 10ರಂದು, ಪ್ಯಾರಿಸ್ಸಿನ ಜನ ತ್ವಿಲರಿ ಅರಮನೆಗೆ ನುಗ್ಗಿದರು, ಅರಸೊತ್ತಿಗೆ ಮುಗಿಯಿತು. ಮರುದಿನಗಳಲ್ಲಿ ಹದಿನಾಲ್ಕನೇ ಲೂಯಿಯ ಕಂಚಿನ ಪ್ರತಿಮೆಗಳೂ ಉರುಳಿದವು. ಒಂದು ದೊಡ್ಡ ಅಶ್ವಾರೂಢ ಪ್ರತಿಮೆಯಲ್ಲಿ ಇವತ್ತಿಗೆ ಉಳಿದಿರುವ ಮುಖ್ಯ ತುಂಡು ಅರಸನ ಎಡಪಾದ.

ಅದೇ ಕ್ರಾಂತಿಕಾರರು ಸರಿಯಾಗಿ ಒಂದು ವರ್ಷದ ಮೇಲೆ, 1793ರ ಆಗಸ್ಟ್ 10ರಂದು, ಲೂವ್ರ್ ಅರಮನೆಯನ್ನು ಸಾರ್ವಜನಿಕ ವಸ್ತುಸಂಗ್ರಹಾಲಯವಾಗಿ ತೆರೆದರು. ರಿಗೋ ಬರೆದ ಚಿತ್ರ ಇಂದು ಇರುವುದು ಅಲ್ಲೇ. ಅರಸನ ತಲೆ ಕಡಿದವರಿಗೇ ಅರಸರ ಸಂಗ್ರಹ ಜನರ ಸ್ವತ್ತು ಎನಿಸಿದ್ದಾಗ, ನಮ್ಮ ಓದುಗರಿಗೆ ಎರಡು ಪುಟ ಹೆಚ್ಚಾಯಿತು ಎಂದು ನಾನು ಹೇಗೆ ಒಪ್ಪಲಿ?

ಜನ ಎಲ್ಲಿದ್ದಾರೆ ಎಂಬ ನಿಮ್ಮ ಕೊನೆಯ ಪ್ರಶ್ನೆ ಪತ್ರದಲ್ಲೆಲ್ಲ ಬಹಳ ಮುಖ್ಯವಾದದ್ದು. ರಿಗೋನ ಚಿತ್ರದಲ್ಲಿ ಅವರಿಲ್ಲ. ಪ್ಯಾರಿಸ್ಸಿನ ವಿಜಯ ಚೌಕದಲ್ಲಿ 1686ರಲ್ಲಿ ನಿಲ್ಲಿಸಿದ ಲೂಯಿಯ ಪ್ರತಿಮೆಯ ಬುಡದಲ್ಲಿ ಸಂಕೋಲೆ ತೊಟ್ಟ ನಾಲ್ವರು ಸೆರೆಯಾಳುಗಳಿದ್ದರು, ಸೋತ ದೇಶಗಳ ಗುರುತಾಗಿ. ಅರಸನ ಪ್ರತಿಮೆ ಕರಗಿತು, ಸೆರೆಯಾಳುಗಳು ಲೂವ್ರ್‌ನಲ್ಲಿ ಉಳಿದಿದ್ದಾರೆ. ರೈತರನ್ನು ನೋಡಬೇಕಾದರೆ ಲೂಯಿ ಹುಟ್ಟಿದ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಲ ನ್ಯಾಂ ಸಹೋದರರ ಬಳಿಗೆ ಹೋಗಬೇಕು. 1640ರ ದಶಕದ ಅವರ ರೈತ ಕುಟುಂಬದ ಚಿತ್ರದಲ್ಲಿ ಮಣ್ಣಿನ ಬಣ್ಣ ಬಿಟ್ಟರೆ ಬೇರೆ ಬಣ್ಣವೇ ಕಡಿಮೆ. ಮುದುಕಿಯ ಕೈಯಲ್ಲಿ ಒಂದು ಲೋಟ ದ್ರಾಕ್ಷಾರಸ, ಗಂಡಸಿನ ಎದೆಗೆ ಒತ್ತಿದ ರೊಟ್ಟಿ, ನಡುವೆ ಕೊಳಲೂದುವ ಹುಡುಗ, ಬರಿಗಾಲಿನ ಮಕ್ಕಳು. ಯಾರೂ ಯಾರ ಮುಂದೆಯೂ ಬಾಗಿಲ್ಲ. ನೇರವಾಗಿ ನಮ್ಮನ್ನೇ ನೋಡುತ್ತಾರೆ. ಆ ಮೂವರು ಸಹೋದರರು ಅರಸರ ಅಕಾಡೆಮಿಯ ಮೊದಲ ಸದಸ್ಯರ ಸಾಲಿನಲ್ಲಿ ಇದ್ದವರು ಎಂಬುದನ್ನೂ ನೀವು ಗಮನಿಸಬೇಕು.

ಮುಂದಿನ ಸಂಚಿಕೆಯ ನಡುಪುಟಗಳಿಗೆ ಆ ಚಿತ್ರವನ್ನೇ ಆರಿಸಿದ್ದೇವೆ, ರಿಗೋನ ಅರಸನಿಗೆ ಕೊಟ್ಟಷ್ಟೇ ಅಳತೆಯಲ್ಲಿ. ಅದರ ಜೊತೆಗೆ ಲೂಯಿಯ ಕಾಲದ ತೆರಿಗೆ ಮತ್ತು ಕ್ಷಾಮಗಳ ಬಗ್ಗೆ ಒಂದು ಲೇಖನ ಬೇಕಾಗಿದೆ. ಇಷ್ಟು ವರ್ಷ ತರಗತಿಯಲ್ಲಿ ಆ ಪಾಠ ಮಾಡಿದ ನೀವೇ ಅದನ್ನು ಬರೆದುಕೊಡಬೇಕೆಂದು ವಿನಂತಿ. ತಿಂಗಳ ಇಪ್ಪತ್ತರೊಳಗೆ ಕೈಸೇರಿದರೆ ಅನುಕೂಲ.

ಸಂಪಾದಕ