ವಿಆರ್‌ನಲ್ಲಿ ಪಾಸಾದ ಕಟ್ಟಡ ಸುರಕ್ಷಿತವೇ?

ಪ್ರಶ್ನೆ: ನಮ್ಮದು ಆರ್ಕಿಟೆಕ್ಚರ್ ಕೊನೆ ವರ್ಷದ ಪ್ರಾಜೆಕ್ಟ್. ಬೆಂಕಿ ಬಿದ್ದರೆ ಜನ ಮಾಲ್‌ನಿಂದ ಹೇಗೆ ಹೊರಗೆ ಬರುತ್ತಾರೆ ಎಂದು ವಿಆರ್‌ನಲ್ಲಿ (ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಕಂಪ್ಯೂಟರ್ ತೋರಿಸುವ ಜಾಗದಲ್ಲಿ ಓಡಾಡುವುದು) ನೋಡಿದೆವು. ಎಲ್ಲರೂ ಒಂದೂವರೆ ನಿಮಿಷದಲ್ಲಿ ಹೊರಗಿದ್ದರು. ಅಂದರೆ ಡಿಸೈನ್ ಸುರಕ್ಷಿತ ಅಲ್ವಾ?

ಉತ್ತರ: ಖಂಡಿತ ಹಾಗೆ ಹೇಳುವಂತಿಲ್ಲ. ಇದೇ ಪ್ರಶ್ನೆ ಪದೇ ಪದೇ ಬರುತ್ತಿದೆ, ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ. ಸಾಫ್ಟ್‌ವೇರಿನಲ್ಲಿ ನೀವು ಎಷ್ಟು ವೇಗ ಇಟ್ಟಿರೋ ಜಾಯ್‌ಸ್ಟಿಕ್ ಒತ್ತಿದವರೆಲ್ಲ ಅಷ್ಟೇ ವೇಗದಲ್ಲಿ ಓಡಿದ್ದಾರೆ. ಹೊಗೆಗೆ ಕಣ್ಣು ಉರಿಯಲಿಲ್ಲ, ಹಿಂದಿನಿಂದ ಯಾರೂ ನೂಕಲಿಲ್ಲ, ಮಗುವನ್ನು ಎತ್ತಿಕೊಂಡವರು ಯಾರೂ ಇರಲಿಲ್ಲ. ಮೇಲಾಗಿ ಹೆಡ್‌ಸೆಟ್‌ನಲ್ಲಿ ದೂರ ಕಡಿಮೆ ಕಾಣುತ್ತದೆ. ನೆಲದ ಮೇಲೊಂದು ಗುರುತು ತೋರಿಸಿ, ಕಣ್ಣು ಮುಚ್ಚಿಕೊಂಡು ಅಲ್ಲಿಯವರೆಗೆ ನಡೆಯಿರಿ ಅನ್ನಿ. ನಿಜವಾದ ಕಾರಿಡಾರಿನಲ್ಲಿ ಜನ ಹೆಚ್ಚುಕಡಿಮೆ ಸರಿಯಾಗಿ ನಿಲ್ಲುತ್ತಾರೆ, ವಿಆರ್‌ನಲ್ಲಿ ಮೊದಲೇ ನಿಂತುಬಿಡುತ್ತಾರೆ. ಹಳೆಯ ಹೆಡ್‌ಸೆಟ್‌ಗಳಲ್ಲಿ 10 ಮೀಟರ್ ಸುಮಾರು 7.5 ಮೀಟರಿನಂತೆ ಕಾಣುತ್ತಿತ್ತು. ಹೊಸದರಲ್ಲಿ ಈ ತೊಂದರೆ ತಗ್ಗಿದೆ, ಪೂರ್ತಿ ಹೋಗಿಲ್ಲ.

ಹಾಗಂತ ವಿಆರ್ ದಂಡ ಅನ್ನಬೇಡಿ. ನಿಜವಾದ ಬೆಂಕಿ ಹಚ್ಚಿ ಜನರನ್ನು ಒಳಗೆ ಬಿಡಲು ಆಗುತ್ತದಾ? 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 100 ಜನ ಸತ್ತರು. ಬೇರೆ ಬಾಗಿಲುಗಳಿದ್ದವು, ಆದರೂ ಹೆಚ್ಚಿನವರು ತಾವು ಒಳಗೆ ಬಂದ ಮುಂಬಾಗಿಲಿಗೇ ನುಗ್ಗಿದರು, ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ದಾರಿ ಕಟ್ಟಿಹೋಯಿತು. ವಿಆರ್‌ನಲ್ಲಿ ಪರೀಕ್ಷಿಸಬೇಕಾದ್ದು ಇಂಥದ್ದನ್ನು. ಪಕ್ಕದ ಬಾಗಿಲ ಮೇಲೆ ಹಸಿರು ದೀಪ ಮಿನುಗಿಸಿದರೆ ಎಷ್ಟು ಜನ ಅತ್ತ ತಿರುಗುತ್ತಾರೆ? ಹೊರದಾರಿ ತೋರಿಸುವ ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಇಳಿಸಿದರೆ? ಒಂದೇ ಕಟ್ಟಡ, ಒಂದೇ ಬದಲಾವಣೆ, ಎರಡು ಗುಂಪು. ಎರಡರಲ್ಲಿ ಯಾವುದು ಮೇಲು ಎಂಬ ಉತ್ತರಕ್ಕೆ ಬೆಲೆಯಿದೆ, ಎಷ್ಟು ಸೆಕೆಂಡ್ ಎಂಬುದನ್ನು ದಯವಿಟ್ಟು ರಿಪೋರ್ಟಿನಲ್ಲಿ ಹಾಕಬೇಡಿ. ಇನ್ನೊಂದು ಮಾತು, ಜನರನ್ನು ಮುಖ್ಯ ಬಾಗಿಲಿನಿಂದಲೇ ಒಳಗೆ ನಡೆಸಿಕೊಂಡು ಬನ್ನಿ. ಸೀದಾ ಮೂರನೇ ಮಹಡಿಯಲ್ಲಿ ಶುರುಮಾಡಿಸಿದರೆ ಅವರಿಗೆ ಬಂದ ದಾರಿ ಅಂತಲೇ ಇರುವುದಿಲ್ಲ, ಆಗ ನೀವು ಅಳೆಯುವುದಾದರೂ ಏನನ್ನು?

ಪ್ರಶ್ನೆ: ಯಾವ ಹೆಡ್‌ಸೆಟ್ ಕೊಳ್ಳಲಿ?

ಉತ್ತರ: ಕಾಲೇಜಿನಲ್ಲಿ ಇರುವುದೇ ಸಾಕು.

ಪ್ರಶ್ನೆ: ವಿಆರ್‌ನಲ್ಲಿ ಮನೆ ತೋರಿಸಿ, ಮಿದುಳಿನ ಅಲೆ ಅಳೆದು ವಾಸ್ತು ಹೇಳುತ್ತಾರಂತೆ. ದುಡ್ಡು ಕೊಡಬಹುದೇ?

ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಶುದ್ಧ ಮೋಸ.

ಪ್ರಶ್ನೆ: ತಲೆ ಸುತ್ತು ಬಂದವರಿಗೆ ನಿಂಬೆಹಣ್ಣು ಚೀಪಿಸಿ ಮುಂದುವರಿಸಬಹುದೇ?

ಉತ್ತರ: ಯಾರು ಹೇಳಿಕೊಟ್ಟರು ಇದನ್ನು? ತಕ್ಷಣ ಹೆಡ್‌ಸೆಟ್ ತೆಗೆಸಿ, ಕೂರಿಸಿ. ಸುತ್ತು ಪೂರ್ತಿ ಇಳಿಯುವವರೆಗೆ ಬೈಕ್ ಹತ್ತಲು ಬಿಡಬೇಡಿ.